ಹಳೆಯ ಕೊರೊಲ್ಲಾ, ಹಳೆಯ ಸಿವಿಕ್: ನಾಲ್ಕು ಎಂಜಿನ್‌ಗಳ ನಡುವೆ ಆಯ್ಕೆ

ಹದಿನೈದು ಇಪ್ಪತ್ತು ವರ್ಷ ಓಡಿದ ಸಣ್ಣ ಸೆಡಾನ್ ಒಂದನ್ನು ಕೊಳ್ಳಲು ಹೊರಟವರ ಪಟ್ಟಿಯಲ್ಲಿ ಕೊನೆಗೆ ಉಳಿಯುವ ಹೆಸರುಗಳು ಹೆಚ್ಚಾಗಿ ಎರಡು: ಟೊಯೊಟಾ ಕೊರೊಲ್ಲಾ ಮತ್ತು ಹೋಂಡಾ ಸಿವಿಕ್. ಎರಡಕ್ಕೂ ಬಾಳಿಕೆಯ ಕಾರು ಎಂಬ ಹೆಸರಿರುವುದರಿಂದ ಆ ಹೆಸರಿನ ಮೇಲೆಯೇ ಭಾರ ಹಾಕಿ, ಬಣ್ಣ, ಸೀಟು ಮತ್ತು ಓಡೋಮೀಟರಿನ ಅಂಕಿಯನ್ನಷ್ಟೇ ನೋಡಿ ವ್ಯಾಪಾರ ಮುಗಿಸುವವರು ಬಹಳ. ಆದರೆ ಒಂದೇ ಹೆಸರಿನಡಿ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್‌ಗಳು ಬಂದಿವೆ, ಮತ್ತು ಅವುಗಳ ದೌರ್ಬಲ್ಯಗಳು ಒಂದಕ್ಕೊಂದು ಹೋಲುವುದಿಲ್ಲ. ಹಾಗಾಗಿ ಇಲ್ಲಿ ಹೋಲಿಸುತ್ತಿರುವುದು ಎರಡು ಕಾರುಗಳನ್ನಲ್ಲ, ನಾಲ್ಕು ಎಂಜಿನ್‌ಗಳನ್ನು. ಹಳೆಯ ಎಂಜಿನ್‌ಗೆ ಯಾವ ಕಾಯಿಲೆಯೂ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಅದರ ಕಾಯಿಲೆ ಯಾವುದು, ಅದು ಕೊಳ್ಳುವ ಮೊದಲೇ ಕಣ್ಣಿಗೆ ಬೀಳುವಂಥದ್ದೇ, ಬಂದರೆ ಎಂಜಿನ್ ಬಿಚ್ಚಬೇಕೇ ಅಥವಾ ಹೊರಗಿನಿಂದಲೇ ಸರಿಪಡಿಸಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದಂತೆ.

ಇಲ್ಲಿ ಕೊಟ್ಟಿರುವ ವರ್ಷಗಳು ಮತ್ತು ಅಶ್ವಶಕ್ತಿಯ ಅಂಕಿಗಳು ಅಮೆರಿಕದ ಮಾರುಕಟ್ಟೆಯ ಮಾದರಿಗಳಿಗೆ ಸೇರಿದವು. ಬೇರೆ ದೇಶಗಳಲ್ಲಿ ಅವು ತುಸು ಹೆಚ್ಚುಕಡಿಮೆಯಾಗುತ್ತವೆ, ಎಂಜಿನ್‌ನ ಒಳರಚನೆ ಮಾತ್ರ ಬಹುಪಾಲು ಅದೇ.

ಅಂಕಿಗಳು ಹೇಳುವುದು, ಹೇಳದಿರುವುದು

ಕೊರೊಲ್ಲಾದಲ್ಲಿ 1998ರಿಂದ 2008ರವರೆಗೆ ಇದ್ದದ್ದು 1794 ಸಿಸಿಯ 1ಝಡ್‌ಝಡ್-ಎಫ್‌ಇ. 2009ರಿಂದ ಅದರ ಜಾಗಕ್ಕೆ ಬಂದದ್ದು ಸುಮಾರು 1798 ಸಿಸಿಯ 2ಝಡ್‌ಆರ್-ಎಫ್‌ಇ. ಸಿವಿಕ್‌ನಲ್ಲಿ 2001ರಿಂದ 2005ರವರೆಗೆ 1668 ಸಿಸಿಯ ಡಿ17 ಇತ್ತು, 2006ರಿಂದ 2011ರವರೆಗೆ 1799 ಸಿಸಿಯ ಆರ್18. ನಾಲ್ಕೂ ನಾಲ್ಕು ಸಿಲಿಂಡರಿನ, ಹದಿನಾರು ವಾಲ್ವ್‌ಗಳ ಪೆಟ್ರೋಲ್ ಎಂಜಿನ್‌ಗಳು. ನಾಲ್ಕರ ಬ್ಲಾಕ್‌ಗಳೂ ಅಲ್ಯೂಮಿನಿಯಂ ಎರಕ, ಒಳಗೆ ಪಿಸ್ಟನ್ ಉಜ್ಜುವ ಗೋಡೆ ಮಾತ್ರ ಬೀಡುಕಬ್ಬಿಣದ ಲೈನರ್. ಟೊಯೊಟಾದ ಎರಡರಲ್ಲೂ ಎಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ಜೋಡಿ ಕ್ಯಾಮ್‌ಶಾಫ್ಟ್‌ಗಳಿವೆ, ಹೋಂಡಾದ ಎರಡರಲ್ಲೂ ಒಂದೇ ಒಂದು.

ಶಕ್ತಿಯ ಲೆಕ್ಕದಲ್ಲಿ ಆರ್18 ಮುಂದಿದೆ: ನಿಮಿಷಕ್ಕೆ 6300 ಸುತ್ತಿನಲ್ಲಿ 140 ಅಶ್ವಶಕ್ತಿ. 2ಝಡ್‌ಆರ್ 6000 ಸುತ್ತಿನಲ್ಲಿ 132 ಕೊಡುತ್ತದೆ. ಆದರೆ ದಿನನಿತ್ಯದ ಓಡಾಟದಲ್ಲಿ ಅನುಭವಕ್ಕೆ ಬರುವುದು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಅದು ಎರಡರಲ್ಲೂ ಸರಿಸುಮಾರು 174 ನ್ಯೂಟನ್ ಮೀಟರ್, ಒಂದರಲ್ಲಿ 4300 ಸುತ್ತಿಗೆ, ಇನ್ನೊಂದರಲ್ಲಿ 4400 ಸುತ್ತಿಗೆ. ಎಂಟು ಅಶ್ವಶಕ್ತಿಯ ವ್ಯತ್ಯಾಸವನ್ನು ಮುಂದಿಟ್ಟುಕೊಂಡು ಇಪ್ಪತ್ತು ವರ್ಷದ ಕಾರನ್ನು ಆರಿಸುವುದರಲ್ಲಿ ಅರ್ಥವಿಲ್ಲ. ಅಶ್ವಶಕ್ತಿಯ ಅಂಕಿ ಎಷ್ಟು ಸಡಿಲವೆಂಬುದಕ್ಕೆ 1ಝಡ್‌ಝಡ್ ಒಳ್ಳೆಯ ಉದಾಹರಣೆ: 1998ರಲ್ಲಿ 120 ಇದ್ದದ್ದು, 2000ರಲ್ಲಿ ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ವಿವಿಟಿ-ಐ ಸೇರಿದಾಗ 125 ಆಯಿತು, 2003ರಲ್ಲಿ 130 ಆಯಿತು, ಬಳಿಕ ಅಳತೆಯ ವಿಧಾನವೇ ಪರಿಷ್ಕಾರವಾದಾಗ, ಎಂಜಿನ್‌ನಲ್ಲಿ ಒಂದು ಸ್ಕ್ರೂ ಸಹ ಬದಲಾಗದಿದ್ದರೂ, 126ಕ್ಕೆ ಇಳಿಯಿತು.

ಬಾಳಿಕೆಯ ದೃಷ್ಟಿಯಿಂದ ಅಶ್ವಶಕ್ತಿಗಿಂತ ಬೋರ್ ಮತ್ತು ಸ್ಟ್ರೋಕ್‌ಗಳ ಅಳತೆ ಹೆಚ್ಚು ಉಪಯುಕ್ತ. ಬೋರ್ ಎಂದರೆ ಸಿಲಿಂಡರಿನ ಒಳವ್ಯಾಸ, ಸ್ಟ್ರೋಕ್ ಎಂದರೆ ಪಿಸ್ಟನ್ ಒಮ್ಮೆ ಕೆಳಗಿಳಿಯುವ ದೂರ. ಸರಿಯಾಗಿ 3000 ಸುತ್ತಿನಲ್ಲಿ ಪಿಸ್ಟನ್‌ನ ಸರಾಸರಿ ವೇಗವನ್ನು ತಿಳಿಯಲು ಮಿಲಿಮೀಟರಿನ ಸ್ಟ್ರೋಕನ್ನು ಹತ್ತರಿಂದ ಭಾಗಿಸಿದರೆ ಸಾಕು, ಉತ್ತರ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರುತ್ತದೆ. ಡಿ17ರ ಬೋರ್ 75, ಸ್ಟ್ರೋಕ್ 94.4 ಮಿ.ಮೀ.; ಅಂದರೆ ಹೆದ್ದಾರಿಯ ನಿಧಾನ ಓಟದಲ್ಲೂ ಪಿಸ್ಟನ್ ಸೆಕೆಂಡಿಗೆ 9.44 ಮೀಟರ್ ವೇಗದಲ್ಲಿ ಉಜ್ಜುತ್ತದೆ. 1ಝಡ್‌ಝಡ್‌ನಲ್ಲಿ ಈ ಅಳತೆಗಳು 79 ಮತ್ತು 91.5, 2ಝಡ್‌ಆರ್‌ನಲ್ಲಿ 80.5 ಮತ್ತು 88.3, ಆರ್18ರಲ್ಲಿ 81 ಮತ್ತು 87.3. ಇಬ್ಬರು ತಯಾರಕರೂ ಹೊಸ ಎಂಜಿನ್ ಮಾಡುವಾಗ ಬೋರ್ ಹಿಗ್ಗಿಸಿ ಸ್ಟ್ರೋಕ್ ಕುಗ್ಗಿಸಿದ್ದಾರೆ. ಗಾತ್ರದಲ್ಲಿ ಚಿಕ್ಕದಾದ ಡಿ17 ಅದೇ ಕೆಲಸಕ್ಕೆ ಹೆಚ್ಚು ದುಡಿಯಬೇಕಾಗುತ್ತದೆ ಎಂಬುದು ಓಡಿಸಿದಾಗಲೂ ತಿಳಿಯುತ್ತದೆ.

1ಝಡ್‌ಝಡ್: ಆಯಿಲ್ ಕುಡಿಯುವ ಚಾಳಿ

ಈ ಎಂಜಿನ್‌ನ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಸರಿಪಡಿಸಬೇಕು. ಟೊಯೊಟಾದ ಹಳೆಯ ಎಂಜಿನ್‌ಗಳಲ್ಲಿ ಆಯಿಲ್ ಕೆಸರಿನಂತೆ ಗಟ್ಟಿಯಾಗುತ್ತದೆ ಎಂಬ ಮಾತು ಕೇಳಿಬರುತ್ತದೆ. ಆ ಸಮಸ್ಯೆ 1997ರಿಂದ 2002ರ ನಡುವಿನ 3.0 ಲೀಟರಿನ ವಿ6 ಮತ್ತು 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್‌ಗಳದ್ದು, ಕೊರೊಲ್ಲಾದ್ದಲ್ಲ. ಕೊರೊಲ್ಲಾದ 1ಝಡ್‌ಝಡ್‌ನ ದೋಷ ಬೇರೆಯೇ.

ಪಿಸ್ಟನ್‌ನ ಮೂರನೆಯ ರಿಂಗ್ ಸಿಲಿಂಡರಿನ ಗೋಡೆಗೆ ಹತ್ತಿದ ಆಯಿಲನ್ನು ಬಳಿದು ತೆಗೆಯುತ್ತದೆ. ಬಳಿದ ಆಯಿಲ್ ಆ ರಿಂಗಿನ ಹಿಂದಿರುವ ಸಣ್ಣ ರಂಧ್ರಗಳ ಮೂಲಕ ಪಿಸ್ಟನ್‌ನ ಒಳಮೈಗೆ ಇಳಿದು ಕೆಳಗಿನ ಆಯಿಲ್ ತೊಟ್ಟಿಯಾದ ಸಂಪ್‌ಗೆ ಮರಳಬೇಕು. ಮೊದಲ ವರ್ಷಗಳ 1ಝಡ್‌ಝಡ್ ಪಿಸ್ಟನ್‌ಗಳಲ್ಲಿ ಈ ರಂಧ್ರಗಳು ಸಾಲದಾದವು. ಆಯಿಲ್ ಬದಲಿಸುವುದನ್ನು ಒಂದೆರಡು ಬಾರಿ ಮುಂದೂಡಿದರೆ ಸಾಕು, ಅಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಿಟ್ಟವಾಗಿ ರಂಧ್ರಗಳನ್ನು ಮುಚ್ಚುತ್ತದೆ, ರಿಂಗ್ ತಾನು ಕೂರುವ ತೋಡಿನಲ್ಲೇ ಅಂಟಿಕೊಳ್ಳುತ್ತದೆ. ಮರಳಲು ದಾರಿಯಿಲ್ಲದ ಆಯಿಲ್ ಮೇಲೇರಿ ಪೆಟ್ರೋಲಿನೊಂದಿಗೆ ಉರಿಯುತ್ತದೆ. ಮುಂದಿನ ವರ್ಷಗಳಲ್ಲಿ ಟೊಯೊಟಾ ಪಿಸ್ಟನ್‌ನ ವಿನ್ಯಾಸವನ್ನು ತಿದ್ದಿತು. ಆದ್ದರಿಂದ 1998–2002ರ ಕಾರಿಗೂ 2005–08ರ ಕಾರಿಗೂ ಎಂಜಿನ್ ಹೆಸರು ಒಂದೇ ಆದರೂ ನಾನು ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಆಯಿಲ್ ಉರಿಯುವುದಷ್ಟೇ ಆಗಿದ್ದರೆ ಆಗಾಗ ಮೇಲಿಂದ ತುಂಬಿಸಿ ನಿಭಾಯಿಸಬಹುದಿತ್ತು. ನಿಜವಾದ ಹಾನಿ ಆರಂಭವಾಗುವುದು ಮಾಲೀಕರು ಅದನ್ನು ಗಮನಿಸದೆ ಬಿಟ್ಟಾಗ. ಈ ಎಂಜಿನ್‌ನ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲಿನ ಒತ್ತಡದಿಂದ. ವಿವಿಟಿ-ಐ ತಿರುಗುವುದೂ ಅದರಿಂದಲೇ. ಮಟ್ಟ ಇಳಿದಂತೆ ಚೈನ್ ಸಡಿಲಾಗಿ ಸದ್ದು ಮಾಡುತ್ತದೆ, ಬೇರಿಂಗ್‌ಗಳು ಸವೆಯುತ್ತವೆ, ಉರಿದ ಆಯಿಲಿನಲ್ಲಿರುವ ರಂಜಕ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಗೆಡವುತ್ತದೆ. ಟೆನ್ಷನರಿನ ಸುತ್ತಲಿನ ರಬ್ಬರ್ ಉಂಗುರ ಗಟ್ಟಿಯಾಗಿ ಅಲ್ಲಿಂದ ಆಯಿಲ್ ಹೊರಗೆ ಜಿನುಗುವುದೂ ಇದರಲ್ಲಿ ಸಾಮಾನ್ಯ, ಆದರೆ ಅದು ಹೊರಗಿನಿಂದಲೇ ಬಗೆಹರಿಯುವ ಸಣ್ಣ ಕೆಲಸ. ಜಿನುಗನ್ನು ಕಂಡು ಹೆದರಿ ಕಾರನ್ನು ಬಿಟ್ಟವರು, ಹೊರಗೆ ಒಂದು ಹನಿಯೂ ಕಾಣದ, ಒಳಗೇ ಆಯಿಲ್ ಉರಿಸುವ ಕಾರನ್ನು ಕೊಂಡದ್ದನ್ನು ನಾನು ನೋಡಿದ್ದೇನೆ.

ರಿಂಗ್‌ಗಳ ಮೇಲೆ ದ್ರಾವಣ ಸುರಿದು ನೆನೆಸಿ ಕಿಟ್ಟ ಕರಗಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಅಂಟಿದ ರಿಂಗ್ ಕೆಲವೊಮ್ಮೆ ಬಿಡಿಸಿಕೊಳ್ಳಲೂಬಹುದು. ರಂಧ್ರಗಳು ಹಳೆಯವೇ ಆಗಿ ಉಳಿಯುವುದರಿಂದ ಅದನ್ನು ಶಾಶ್ವತ ಪರಿಹಾರವೆಂದು ಎಣಿಸಬಾರದು. ಹೊಸ ವಿನ್ಯಾಸದ ಪಿಸ್ಟನ್ ಹಾಕಲು ಎಂಜಿನ್ ಬಿಚ್ಚಲೇಬೇಕು, ಮತ್ತು ಈ ವಯಸ್ಸಿನ ಕಾರಿಗೆ ಆ ಖರ್ಚು ಒಪ್ಪುವುದು ಅಪರೂಪ.

2005–08ರ ಕೊರೊಲ್ಲಾ ನೋಡುವವರು ಇನ್ನೊಂದು ಸಂಗತಿಯನ್ನು ವಿಚಾರಿಸಬೇಕು. ಈ ವರ್ಷಗಳ 1ಝಡ್‌ಝಡ್ ಕಾರುಗಳ ಎಂಜಿನ್ ಕಂಟ್ರೋಲ್ ಮಾಡ್ಯೂಲ್‌ನಲ್ಲಿ ಬೆಸುಗೆಯ ಬಳಿ ಬಿರುಕು ಬಿಟ್ಟು ಎಂಜಿನ್ ಸ್ಟಾರ್ಟ್ ಆಗದಿರುವ ಅಥವಾ ಓಡುತ್ತಲೇ ನಿಂತುಹೋಗುವ ಸಾಧ್ಯತೆ ಇದ್ದುದರಿಂದ 2010ರ ಆಗಸ್ಟ್‌ನಲ್ಲಿ ಟೊಯೊಟಾ 11 ಲಕ್ಷಕ್ಕೂ ಹೆಚ್ಚು ಕೊರೊಲ್ಲಾ ಮತ್ತು ಮ್ಯಾಟ್ರಿಕ್ಸ್ ಕಾರುಗಳನ್ನು ಹಿಂದಕ್ಕೆ ಕರೆಸಿತ್ತು. ಆ ಕೆಲಸ ಆಗಿದೆಯೇ ಎಂಬುದು ಚಾಸಿ ಸಂಖ್ಯೆಯಿಂದ ತಿಳಿಯುತ್ತದೆ. ಇದೇ ಸಂಖ್ಯೆಯಿಂದ ಟಕಾಟಾ ಕಂಪನಿಯ ದೋಷವಿದ್ದ ಏರ್‌ಬ್ಯಾಗ್‌ನ ಬದಲಾವಣೆ ಆಗಿದೆಯೇ ಎಂದೂ ನೋಡಬೇಕು. ಅದು ಎಂಜಿನ್‌ಗೆ ಸಂಬಂಧಿಸಿದ್ದಲ್ಲ, ಆದರೆ ಈ ಕಾಲದ ಕೊರೊಲ್ಲಾ ಸಿವಿಕ್‌ಗಳೆರಡೂ ಆ ಪಟ್ಟಿಯಲ್ಲಿರುವುದರಿಂದ ಅದನ್ನು ಬಿಟ್ಟು ಎಂಜಿನ್ ಮಾತಾಡುವುದು ಸರಿಯಲ್ಲ.

2ಝಡ್‌ಆರ್: ಹೇಳಲು ಹೆಚ್ಚೇನೂ ಇಲ್ಲದಿರುವುದೇ ಗುಣ

2009ರ ಬಳಿಕದ ಕೊರೊಲ್ಲಾದ ಎಂಜಿನ್‌ನಲ್ಲಿ ಒಳಗಾಳಿ ಮತ್ತು ಹೊರಹೊಗೆ ಎರಡೂ ಕಡೆಯ ಕ್ಯಾಮ್‌ಗಳ ಹೊತ್ತು ಬದಲಾಗುತ್ತದೆ. ವಾಲ್ವ್‌ಗಳ ಸಡಿಲನ್ನು ಹೈಡ್ರಾಲಿಕ್ ವ್ಯವಸ್ಥೆ ತಾನೇ ಸರಿಹೊಂದಿಸಿಕೊಳ್ಳುವುದರಿಂದ ಟಪೆಟ್ ಸೆಟ್ಟಿಂಗ್ ಎಂಬ ಕೆಲಸವೇ ಇಲ್ಲ. 1ಝಡ್‌ಝಡ್‌ನಲ್ಲಿ ಅದೇ ಕೆಲಸಕ್ಕೆ ಕ್ಯಾಮ್‌ಶಾಫ್ಟ್ ಬಿಚ್ಚಿ ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಬಕೆಟ್ ಎಂಬ ಟೋಪಿಯನ್ನು ಬೇರೆ ದಪ್ಪದ್ದಾಗಿ ಕೂರಿಸಬೇಕು. 2ಝಡ್‌ಆರ್‌ನಲ್ಲಿ ಹೆಚ್ಚಾಗಿ ಕೆಡುವುದು ವಾಟರ್ ಪಂಪ್: ಶಾಫ್ಟಿನ ಸೀಲ್ ಸೋತು ಕೂಲಂಟ್ ಜಿನುಗಿ, ಪಂಪಿನ ಕೆಳಗೆ ಒಣಗಿದ ಗುಲಾಬಿ ಬಣ್ಣದ ಗೆರೆ ಮೂಡುತ್ತದೆ. ಪಂಪ್ ಹೊರಗಿನ ಬೆಲ್ಟಿನಿಂದ ತಿರುಗುವುದರಿಂದ ಟೈಮಿಂಗ್ ಚೈನ್ ಮುಟ್ಟದೆಯೇ ಅದನ್ನು ಬದಲಿಸಬಹುದು. ಗೆರೆ ಕಂಡರೆ ಬೆಲೆಯಲ್ಲಿ ಅಷ್ಟು ಇಳಿಸಲು ಕೇಳಿ. ಕಾರನ್ನು ಬಿಡುವ ಅಗತ್ಯವಿಲ್ಲ.

ಎಚ್ಚರಿಕೆ ಬೇಕಾದದ್ದು ಹೆಸರಿನ ವಿಷಯದಲ್ಲಿ. 2009–10ರ ಕೊರೊಲ್ಲಾದ ಎಕ್ಸ್‌ಆರ್‌ಎಸ್ ಮಾದರಿಯಲ್ಲಿ ಇದ್ದದ್ದು 2.4 ಲೀಟರಿನ 2ಎಝಡ್-ಎಫ್‌ಇ, 158 ಅಶ್ವಶಕ್ತಿಯದ್ದು. ಹೆಚ್ಚು ಶಕ್ತಿ, ಒಳ್ಳೆಯ ಚಕ್ರಗಳು, ನೋಟವೂ ಚೆನ್ನ. ಆದರೆ ಆ ಕಾಲದ 2ಎಝಡ್ ಎಂಜಿನ್‌ಗಳಿಗೆ ಆಯಿಲ್ ಉರಿಸುವ ಕಾಯಿಲೆ ಎಷ್ಟಿತ್ತೆಂದರೆ, 1,200 ಮೈಲಿಗೆ, ಅಂದರೆ ಸುಮಾರು 1,900 ಕಿ.ಮೀ.ಗೆ, ಒಂದು ಕ್ವಾರ್ಟ್‌ಗಿಂತ ಹೆಚ್ಚು ಖರ್ಚಾದರೆ ದೋಷವೆಂದು ಪರಿಗಣಿಸುವ ಪರೀಕ್ಷೆಯನ್ನೇ ಟೊಯೊಟಾ ಗೊತ್ತುಮಾಡಬೇಕಾಯಿತು. ಕ್ವಾರ್ಟ್ ಎಂದರೆ ಒಂದು ಲೀಟರಿಗೆ ಚೂರು ಕಡಿಮೆ. ಬಾಳಿಕೆ ಮುಖ್ಯವೆನ್ನುವವರಿಗೆ ಅದೇ ವರ್ಷದ ಸಾದಾ 1.8 ಲೀಟರಿನ ಕೊರೊಲ್ಲಾವೇ ಮೇಲು.

ಡಿ17: ಬೆಲ್ಟ್‌ನ ದಾಖಲೆ ಇದ್ದರೆ ಮಾತ್ರ

2001–05ರ ಸಿವಿಕ್‌ನ ಎಂಜಿನ್ ಸಾದಾ ಮಾದರಿಗಳಲ್ಲಿ 115, ವಾಲ್ವ್‌ಗಳ ಚಲನೆ ಬದಲಿಸುವ ಹೋಂಡಾದ ವಿಟೆಕ್ ವ್ಯವಸ್ಥೆ ಇದ್ದ ಇಎಕ್ಸ್ ಮಾದರಿಯಲ್ಲಿ 127 ಅಶ್ವಶಕ್ತಿ ಕೊಡುತ್ತಿತ್ತು. ಈ ನಾಲ್ಕರಲ್ಲಿ ಟೈಮಿಂಗ್ ಚೈನ್ ಇಲ್ಲದೆ ರಬ್ಬರ್ ಬೆಲ್ಟ್ ಇರುವುದು ಇದೊಂದರಲ್ಲೇ. ಅದನ್ನು ಬದಲಿಸಲು ಹೋಂಡಾ ಸೂಚಿಸಿದ ಅವಧಿ 1,10,000 ಮೈಲಿ ಅಥವಾ 7 ವರ್ಷ, ಕಿಲೋಮೀಟರಿನಲ್ಲಿ ಸುಮಾರು 1,77,000. ಬೆಲ್ಟ್ ಹರಿದರೆ ತೆರೆದು ನಿಂತ ವಾಲ್ವ್‌ಗಳಿಗೆ ಪಿಸ್ಟನ್ ಬಂದು ಬಡಿಯುವ ರಚನೆಯ ಎಂಜಿನ್ ಇದು. ಹಾಗಾದಲ್ಲಿ ಹೆಡ್ ಬಿಚ್ಚುವುದಂತೂ ಖಚಿತ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಆದ್ದರಿಂದ ಎರಡನ್ನೂ ಟೆನ್ಷನರಿನೊಂದಿಗೆ ಒಮ್ಮೆಲೇ ಬದಲಿಸುವುದು ರೂಢಿ. ಓಡಿದ್ದು ಕಡಿಮೆ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಕಾಗದದ ದಾಖಲೆ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲವೆಂದೇ ಲೆಕ್ಕ ಹಿಡಿಯಬೇಕು.

ಡಿ17ರ ಎರಡನೆಯ ತೊಡಕು ಎಂಜಿನ್‌ನದ್ದೇ ಅಲ್ಲ, ಅದಕ್ಕೆ ಜೋಡಿಸಿದ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನದ್ದು. ಮೊದಲ ವರ್ಷಗಳ ಸಿವಿಕ್‌ನಲ್ಲಿ ಅದು ಎಂಜಿನ್‌ಗಿಂತ ಬಹಳ ಮೊದಲೇ ಸೋತದ್ದುಂಟು. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಸುತ್ತು ಏರಿ ಕಾರು ಮುಂದೆ ಹೋಗದೆ ತಡವರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಮ್ಯಾನ್ಯುಯಲ್ ಗೇರ್ ಇರುವ, ಬೆಲ್ಟ್ ಬದಲಿಸಿದ ದಾಖಲೆ ಇರುವ ಡಿ17 ಕೈಗೆಟಕುವ ಬೆಲೆಯ ಒಳ್ಳೆಯ ಕಾರು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ನಾನು ಮುಂದಿನದನ್ನು ನೋಡುತ್ತೇನೆ.

ಆರ್18: ವರ್ಷ ನೋಡಿ, ಆಮೇಲೆ ಟಾರ್ಚ್ ಹಿಡಿದು ನೋಡಿ

ಈ ನಾಲ್ಕರಲ್ಲಿ ವಿನ್ಯಾಸದ ದೃಷ್ಟಿಯಿಂದ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಆರ್18. ಹಳೆಯ ವಿಟೆಕ್ ಹೆಚ್ಚು ಸುತ್ತಿನಲ್ಲಿ ಶಕ್ತಿ ಕೊಡಲೆಂದು ಇದ್ದದ್ದು. ಇದರ ಐ-ವಿಟೆಕ್ ಕೆಲಸ ಮಾಡುವುದು ಹಗುರ ಓಟದಲ್ಲಿ. ಆಗ ಒಳಗಾಳಿಯ ಒಂದು ವಾಲ್ವ್ ತಡವಾಗಿ ಮುಚ್ಚಿ, ಒಳಗೆ ಬಂದ ಗಾಳಿಯ ಒಂದು ಪಾಲು ಹಿಂದಕ್ಕೆ ಹೋಗುವಂತೆ ಮಾಡುತ್ತದೆ, ಜತೆಗೆ ಗಾಳಿಯ ದಾರಿಯ ಬಾಗಿಲಾದ ಥ್ರಾಟಲ್ ಅಗಲವಾಗಿ ತೆರೆದುಕೊಳ್ಳುತ್ತದೆ. ಮುಚ್ಚಿದ ಬಾಗಿಲಿನ ಸಂದಿಯಿಂದ ಗಾಳಿ ಎಳೆಯುವ ಶ್ರಮ ಪಿಸ್ಟನ್‌ಗೆ ತಪ್ಪಿ ಪೆಟ್ರೋಲ್ ಉಳಿಯುತ್ತದೆ. ಟೈಮಿಂಗ್ ಚೈನ್ ಇದೆ. ವಾಲ್ವ್ ಸಡಿಲನ್ನು ಸ್ಕ್ರೂ ಮತ್ತು ನಟ್‌ನಿಂದ ಹೊಂದಿಸಬೇಕು. ಒಳಗಾಳಿಯ ಕಡೆ 0.18ರಿಂದ 0.22 ಮಿ.ಮೀ., ಹೊಗೆಯ ಕಡೆ 0.23ರಿಂದ 0.27 ಮಿ.ಮೀ. ಸಂದಿ ಅಳೆಯುವ ಫೀಲರ್ ಗೇಜ್ ಹಿಡಿಯಲು ಬರುವವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಹೈಡ್ರಾಲಿಕ್ ವ್ಯವಸ್ಥೆಗಿಂತ ಇದು ಹಿಂದುಳಿದದ್ದೆಂದು ಕೆಲವರು ಹೇಳಿದರೂ, ಹೊಸ ಬಿಡಿಭಾಗ ಕೊಳ್ಳದೆಯೇ ಸರಿಹೋಗುವ ರಚನೆ ಹಳೆಯ ಕಾರಿಗೆ ಅನುಕೂಲವೇ.

ಇಷ್ಟೆಲ್ಲ ಒಳ್ಳೆಯದನ್ನು ಒಂದೇ ದೋಷ ಮಂಕಾಗಿಸಿತು. 2006ರಿಂದ 2008ರವರೆಗಿನ ಮತ್ತು 2009ರ ಮೊದಲ ಕಂತಿನ ಕೆಲವು ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ ಬ್ಲಾಕ್‌ನ ಎರಕದಲ್ಲೇ ಬಿರುಕು ಬಿಟ್ಟು ಕೂಲಂಟ್ ಹೊರಗೆ ಜಿನುಗತೊಡಗಿತು. ಹೋಂಡಾ ಅಮೆರಿಕದಲ್ಲಿ ಈ ಬ್ಲಾಕ್‌ಗಳ ವಾರಂಟಿಯನ್ನು ಓಡಿದ ದೂರದ ಮಿತಿಯಿಲ್ಲದೆ 10 ವರ್ಷಕ್ಕೆ ವಿಸ್ತರಿಸಿ, ಒಡೆದವುಗಳನ್ನು ಬದಲಿಸಿಕೊಟ್ಟಿತು. ಆ ಅವಧಿ ಎಂದೋ ಮುಗಿದಿದೆ. ಇಂದು ಬಿರುಕು ಕಂಡರೆ ಹೊರೆ ಕೊಂಡವರದ್ದೇ. ಎಲ್ಲ ಬ್ಲಾಕ್‌ಗಳೂ ಒಡೆಯಲಿಲ್ಲ ಎಂಬುದು ನಿಜ, ಮತ್ತು ವಾರಂಟಿಯಲ್ಲಿ ಬ್ಲಾಕ್ ಬದಲಾದ 2007ರ ಕಾರು, ದಾಖಲೆಯೊಂದಿಗೆ ಸಿಕ್ಕರೆ, ಎಂದೂ ಬದಲಾಗದ ಅದೇ ವರ್ಷದ ಕಾರಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಮಾರುವವರು ಎಂಜಿನ್ ಬಿಚ್ಚಿದ್ದನ್ನು ಮುಚ್ಚಿಡಲು ನೋಡುತ್ತಾರೆ. ಈ ಒಂದು ಕಾರಿನ ಮಟ್ಟಿಗೆ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಪರೀಕ್ಷೆ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮಟ್ಟ ನೋಡಿ, ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಅಲ್ಲಿಯೂ ನೋಡಬೇಕು, ಏಕೆಂದರೆ ಡಬ್ಬಿಯನ್ನು ಯಾರಾದರೂ ಬೆಳಿಗ್ಗೆಯೇ ತುಂಬಿಸಿರಬಹುದು. ನಂತರ ಟಾರ್ಚ್ ಬೆಳಕನ್ನು ಬ್ಲಾಕ್‌ನ ಹೊರಮೈ ಮೇಲೆ ಓರೆಯಾಗಿ ಬೀಳುವಂತೆ ಹಿಡಿದು, ಹೆಡ್‌ಗೂ ಬ್ಲಾಕ್‌ಗೂ ನಡುವಿನ ಗ್ಯಾಸ್ಕೆಟ್ ಗೆರೆಯಿಂದ ಕೆಳಗೆ ನಿಧಾನವಾಗಿ ಇಳಿಸುತ್ತ ಹೋಗಬೇಕು. ಕೂಲಂಟ್ ಒಣಗಿದಲ್ಲಿ ಉಪ್ಪು ಹತ್ತಿದಂತೆ ಬಿಳಿ ಅಥವಾ ತಿಳಿ ನೀಲಿಯ ಪುಡಿ ಉಳಿದಿರುತ್ತದೆ. ಅದು ಹೋಸ್‌ನ ಬಾಯಿಯಿಂದ ಹರಿದು ಬಂದದ್ದಾದರೆ ಮೇಲಿಂದ ಕೆಳಗೆ ದಾರಿ ಕಾಣುತ್ತದೆ. ಮೇಲಿನ ಭಾಗದಲ್ಲಿ ಏನೂ ಇಲ್ಲದೆ, ಪುಡಿ ಬ್ಲಾಕ್‌ನ ಗೋಡೆಯ ನಡುವೆಯೇ ಶುರುವಾಗಿದ್ದರೆ ಬಿರುಕೆಂದು ತಿಳಿಯಬೇಕು. ಎಂಜಿನ್ ಭಾಗವನ್ನು ಈಗಷ್ಟೇ ತೊಳೆದು ಮಿಂಚಿಸಿದ ಕಾರಾದರೆ ಒಂದು ವಾರ ಬಿಟ್ಟು ಮತ್ತೆ ನೋಡುವುದಾಗಿ ಹೇಳಿ ಬರುವುದು ಉತ್ತಮ.

2009ರ ಕೊನೆಯಿಂದ 2011ರವರೆಗಿನ ಆರ್18ಕ್ಕೆ ಈ ಭಯವಿಲ್ಲ. ನಡುಗುವ ಎಂಜಿನ್ ಮೌಂಟ್‌ನಂಥ ಚಿಲ್ಲರೆ ದೂರುಗಳನ್ನು ಬಿಟ್ಟರೆ ಅದು 2ಝಡ್‌ಆರ್‌ಗೆ ಸರಿಸಮಾನ.

ತಣ್ಣನೆಯ ಎಂಜಿನ್ ಹೇಳುವ ಮಾತು

ನಾಲ್ಕರಲ್ಲಿ ಯಾವುದನ್ನು ನೋಡಲು ಹೋದರೂ, ತಾವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಮಾಲೀಕರಿಗೆ ತಿಳಿಸಿ ಹೋಗುವುದು ಒಳಿತು. ಒಮ್ಮೆ ಹೀಗೆ ಹೇಳಿಯೂ ಹೋದಾಗ ಬಾನೆಟ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ಮಾರುವವರು ಬಿಸಿಲಿನ ಮಾತು ತೆಗೆದರು. ಕಾರು ನಿಂತದ್ದು ನೆರಳಿನಲ್ಲಿ. ನಾನು ಮುಂದೆ ಏನನ್ನೂ ನೋಡದೆ ಹಿಂದಿರುಗಿದೆ.

ರಾತ್ರಿಯೆಲ್ಲ ನಿಂತ ಎಂಜಿನ್ ಸ್ಟಾರ್ಟ್ ಆದ ಕ್ಷಣ ಒಂದು ಸೆಕೆಂಡ್ ಚೈನ್ ಸದ್ದಾಗಿ ಅಡಗಿದರೆ ಅದು ಟೆನ್ಷನರಿಗೆ ಆಯಿಲ್ ತಲುಪುವ ಹೊತ್ತು. ಮೂರು ನಾಲ್ಕು ಸೆಕೆಂಡ್ ಮುಂದುವರಿದರೆ ಚೈನ್ ಹಿಗ್ಗಿರುವ ಶಂಕೆ. ಸ್ಟಾರ್ಟ್ ಆದಾಗ ಮಾತ್ರ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್‌ಗಳು ಗಟ್ಟಿಯಾಗಿವೆ ಎಂದರ್ಥ. ಓಡಿಸುವಾಗ ಜೋರಾಗಿ ಎಳೆದಾಗ ನೀಲಿ ಹೊಗೆ ಬಂದರೆ ರಿಂಗ್‌ಗಳದ್ದು. 1ಝಡ್‌ಝಡ್‌ನಲ್ಲಿ ಇದನ್ನೇ ಹುಡುಕಬೇಕು. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಯ ಮೇಲೆ ಒರೆಸಿದಾಗ ಮಟ್ಟ ಮೇಲಿನ ಗುರುತಿನಲ್ಲಿದ್ದು, ಬಣ್ಣ ಜೇನಿನಂತೆ ತಿಳಿಯಾಗಿದ್ದರೆ ಹಿಗ್ಗಬೇಕಾಗಿಲ್ಲ, ನಿನ್ನೆಯೇ ಹಾಕಿಸಿದ ಆಯಿಲ್ ಸಹ ಹಾಗೆಯೇ ಕಾಣುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತಿರುವಿ ಅದರ ಅಡಿಭಾಗ ನೋಡಿದರೆ ಹೆಚ್ಚು ನಿಜ ತಿಳಿಯುತ್ತದೆ: ತೆಳು ಕಂದು ಲೇಪ ಸಹಜ, ಉಗುರಿನಿಂದ ಕೆರೆದರೆ ಪದರವಾಗಿ ಏಳುವ ಕಪ್ಪು ಅಂಟು ಹಲವು ಬಾರಿ ತಪ್ಪಿಸಿದ ಸರ್ವೀಸ್‌ನ ಲೆಕ್ಕ.

ಎಲ್ಲವೂ ಕೈಗೆಟಕುವ ಬೆಲೆಯಲ್ಲಿದ್ದರೆ ನನ್ನ ಮೊದಲ ಆಯ್ಕೆ 2ಝಡ್‌ಆರ್ ಇರುವ ಕೊರೊಲ್ಲಾ. ಓಡಿಸುವುದರಲ್ಲಿ ಸ್ವಲ್ಪ ಸುಖ ಬೇಕೆನ್ನುವವರಿಗೆ 2010–11ರ ಆರ್18 ಸಿವಿಕ್. ಬೆಲೆ ಕಡಿಮೆಯಿರಬೇಕೆಂದರೆ 2005–08ರ 1ಝಡ್‌ಝಡ್. ಬಿರುಕಿನ ಗುರುತಿಲ್ಲದ 2006–08ರ ಆರ್18ನ್ನು, ಮೇಲೆ ಹೇಳಿದ ಪರೀಕ್ಷೆಯನ್ನು ಸ್ವತಃ ಮಾಡಿದ ಬಳಿಕ, ಅದರ ನಂತರ ಇಡುತ್ತೇನೆ. 2002ರವರೆಗಿನ 1ಝಡ್‌ಝಡ್ ಕಾರನ್ನು ಪ್ರತಿ ವಾರ ಡಿಪ್‌ಸ್ಟಿಕ್ ನೋಡುವ ಅಭ್ಯಾಸವಿರುವವರು ಮಾತ್ರ ಕೊಳ್ಳಬೇಕು.

ಯಾವುದನ್ನೇ ಕೊಂಡರೂ ಮೊದಲ ದಿನವೇ ಆಯಿಲ್, ಆಯಿಲ್ ಫಿಲ್ಟರ್ ಮತ್ತು ಕೂಲಂಟ್ ಬದಲಿಸಿ, ಕಾರನ್ನು ಸಮತಟ್ಟಾದ ಒಂದೇ ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗೆ ಸರಿಯಾಗಿ ಆಯಿಲ್ ತುಂಬಿಸಬೇಕು. ಕೂಲಂಟ್ ಡಬ್ಬಿಯ ಮಟ್ಟಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಬೇಕು. ಸರಿಯಾಗಿ 1,000 ಕಿ.ಮೀ. ಓಡಿದ ಮೇಲೆ ಅದೇ ಜಾಗದಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಎರಡನ್ನೂ ಮತ್ತೆ ನೋಡಬೇಕು. ಆಯಿಲ್ ಎರಡು ಗುರುತುಗಳ ನಡುವಿನ ಕಾಲುಭಾಗಕ್ಕಿಂತ ಕಡಿಮೆ ಇಳಿದಿದ್ದರೆ ಈ ವಯಸ್ಸಿನ ಎಂಜಿನ್‌ಗೆ ಅದು ಲೆಕ್ಕಕ್ಕಿಲ್ಲ. ಅರ್ಧಕ್ಕೆ ಬಂದಿದ್ದರೆ ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಇಟ್ಟುಕೊಂಡೇ ಓಡಾಡಬೇಕು. ಕೂಲಂಟ್ ಮಾತ್ರ ಗೆರೆಗಿಂತ ಒಂದು ಬೆರಳು ಇಳಿದಿದ್ದರೂ, ಹೋದದ್ದು ಎಲ್ಲಿಗೆ ಎಂದು ತಿಳಿಯುವವರೆಗೆ ಆ ಕಾರನ್ನು ದೂರದ ಪ್ರಯಾಣಕ್ಕೆ ತೆಗೆಯಬಾರದು.